ಮೂರನೆಯ ಸಬ್‌ವೂಫರ್

೨೦೨೪ರ ಫೆಬ್ರವರಿ ೧೧, ಭಾನುವಾರ, ಬೆಳಿಗ್ಗೆ ೧೦ ಗಂಟೆ ೨೦ ನಿಮಿಷ. ಮೂರನೆಯ ಸಬ್‌ವೂಫರ್‌ನ ಸ್ವಿಚ್ ಒತ್ತಿದೆ. ಹನ್ನೆರಡು ಇಂಚಿನದು, ಇಪ್ಪತ್ತೇಳು ಕಿಲೋ ತೂಕ. ಚನ್ನರಾಯಪಟ್ಟಣದ ದಂತವೈದ್ಯರೊಬ್ಬರು ಮನೆ ಬದಲಾಯಿಸುವಾಗ ಮಾರಿದ್ದನ್ನು ಹಿಂದಿನ ದಿನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಬಿಗಿದು, ಹೊಳೆನರಸೀಪುರದ ನಮ್ಮ ಮನೆಗೆ ತಂದಿದ್ದೆ. ಮಹಡಿ ಹತ್ತಿಸುವಾಗ ಹಿಡಿದುಕೊಂಡ ಸೊಂಟ ಇನ್ನೂ ಬಿಟ್ಟಿರಲಿಲ್ಲ.

ಹೋಮ್ ಥಿಯೇಟರ್ ಕೋಣೆಯಲ್ಲಿ, ಸೋಫಾಕ್ಕೆ ಸ್ವಲ್ಪ ಮುಂದೆ, ಫ್ಯಾನಿನ ಕೆಳಗೆ ತಮ್ಮ ಮರದ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಪೂಜೆ ಮುಗಿದಿತ್ತು, ಊಟ ಆಗಿರಲಿಲ್ಲ; ಇನ್ನೂ ಮಡಿಯಲ್ಲಿದ್ದರು. ನಾನು ಹಳೆಯ ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಭಜನೆ ಹಾಕಿದೆ. ೧೯೯೧ರಲ್ಲಿ ನಮ್ಮೂರಿನ ಭಜನೆ ಮಂದಿರದಲ್ಲಿ ಅಪ್ಪನೇ ಮೃದಂಗ ನುಡಿಸಿದ್ದು ಅದು.

ಅಪ್ಪ ಕಣ್ಣು ಮುಚ್ಚಿ ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಇಲ್ವಲ್ಲೋ ವಸಿಷ್ಠ," ಎಂದರು. "ಬಲಗೈ ಇದೆ. ಎಡಗೈ ಇಲ್ಲ."

ಎಂಟು ತಿಂಗಳಿಂದ ಇದೇ ಮಾತು. ಎಂಟು ಇಂಚಿನ ಪೆಟ್ಟಿಗೆ ತಂದಾಗಲೂ ಇದೇ, ಹತ್ತು ಇಂಚಿನದಕ್ಕೆ ಬದಲಾಯಿಸಿದಾಗಲೂ ಇದೇ.

ಮೃದಂಗದ ಎಡಬದಿಗೆ ರವೆಯ ಮುದ್ದೆ ಮೆತ್ತುತ್ತಾರೆ. ಆ ಭಾರಕ್ಕೆ ಅದರ ಸದ್ದು ಆಳಕ್ಕಿಳಿಯುತ್ತದೆ. ಅಪ್ಪನ ಶ್ರುತಿಯಲ್ಲಿ ಅದು ಸುಮಾರು ಅರವತ್ತೇಳು ಹರ್ಟ್ಸ್. ಸಾಮಾನ್ಯ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದನ್ನು ಹೊರಡಿಸುವ ಶಕ್ತಿ ಇಲ್ಲ, ಅದಕ್ಕೆಂದೇ ಸಬ್‌ವೂಫರ್ ಬೇಕು. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಇಷ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಹೊಸ ಪೆಟ್ಟಿಗೆ ಬಂದಾಗಲೆಲ್ಲ ಅರವತ್ತೇಳು ಹರ್ಟ್ಸಿನ ಸ್ವರ ಹಾಕಿ, ಸೋಫಾದ ಮೇಲೆ ಸೌಂಡ್ ಮೀಟರ್ ಇಟ್ಟು ಅಳೆದು ಬರೆದಿಟ್ಟಿದ್ದೆ. ಮೂರು ಸಲವೂ ಸದ್ದು ಧಾರಾಳವಾಗಿತ್ತು. ಹಾಗಾಗಿ ದೋಷ ಅಪ್ಪನ ಕಿವಿಯದು ಎಂದು ತೀರ್ಮಾನಿಸಿದ್ದೆ.

ಹಾಸನದಲ್ಲಿ ಕಿವಿ ಪರೀಕ್ಷೆಯನ್ನೂ ಮಾಡಿಸಿದ್ದೆ. ಎಪ್ಪತ್ತಾರು ವರ್ಷಕ್ಕೆ ತಕ್ಕಂತೆ ವರದಿಯ ನಕ್ಷೆಯಲ್ಲಿ ಗೆರೆ ಕೆಳಗಿಳಿದಿತ್ತು. "ನೋಡಿ ಅಪ್ಪ, ಕಿವಿ ಸೋತಿದೆ. ಸದ್ದು ಜಾಸ್ತಿ ಮಾಡಿದ್ರೆ ಕೇಳುತ್ತೆ," ಎಂದು ಆ ಕಾಗದವನ್ನು ಅವರ ಕೈಗೇ ಕೊಟ್ಟೆ. ಅಪ್ಪ ನನ್ನ ಮಾತಿನ ಅರ್ಧವನ್ನು ಮಾತ್ರ ತೆಗೆದುಕೊಂಡರು. ಶನಿವಾರದ ಭಜನೆಗೆ ಹೋಗುವುದನ್ನು ನಿಲ್ಲಿಸಿದರು.

"ನುಡಿಸುವಾಗ ಕೇಳ್ಸುತ್ತಲ್ಲ ಅಪ್ಪ?" ಎಂದು ವಾದಿಸಿದ್ದೆ.

"ಅಂಗೈಗೆ ತಿಳಿಯುತ್ತೆ, ತೊಡೆಗೆ ತಿಳಿಯುತ್ತೆ. ಕಿವಿಗೆ ತಿಳೀತೋ ಇಲ್ವೋ ಹೇಗೆ ಹೇಳ್ಲಿ? ನನ್ನ ಎಡಗೈ ನನಗೇ ಕೇಳದ ಮೇಲೆ ನಾಲ್ಕು ಜನರ ಹಾಡು ಯಾಕೆ ಕೆಡಿಸ್ಬೇಕು?"

ಮೃದಂಗವನ್ನು ಅರಕಲಗೂಡಿನ ಭಜನೆ ಮಂಡಳಿಯ ರುದ್ರಯ್ಯನಿಗೆ ಕೊಡುವುದೆಂದು ಮಾತಾಗಿತ್ತು. ಆತ ಇದೇ ಭಾನುವಾರ ಸಂಜೆ ನಾಲ್ಕಕ್ಕೆ ಬರುವವನಿದ್ದ. ಅಷ್ಟರೊಳಗೆ ಅಪ್ಪನಿಗೆ ಎಡಗೈ ಕೇಳಿಸದಿದ್ದರೆ ನಲವತ್ತು ವರ್ಷದ ವಾದ್ಯ ಮನೆ ಬಿಟ್ಟು ಹೋಗುತ್ತಿತ್ತು.

ಮಟ್ಟ ಏರಿಸಿದೆ. ಹಿಂಬದಿಯ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿದೆ. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದೆ. ಕೆಳಗಿನಿಂದ ನನ್ನ ಹೆಂಡತಿ ಶ್ರೀಗೌರಿಯ ಕೂಗು ಬಂತು.

"ರೀ, ಮಾವನವರಿಗೆ ಕೇಳ್ಸುತ್ತೋ ಇಲ್ವೋ, ಇಲ್ಲಿ ಸಾರಿನ ಪಾತ್ರೆ ಮುಚ್ಚಳ ತಾಳ ಹಾಕ್ತಿದೆ!"

ಅಪ್ಪ ಎದ್ದರು. "ಸಾಕು ಬಿಡಪ್ಪ, ಎಲೆ ಹಾಕಿಸು," ಎಂದು ಕೆಳಗಿಳಿದರು. ಅವರಿಗೆ ಬೇಸರವೂ ಇದ್ದಂತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು.

ಮೊದಲೆರಡು ಪೆಟ್ಟಿಗೆ ಕೊಟ್ಟಿದ್ದ ಹಾಸನದ ಅಂಗಡಿಯ ಪುಟ್ಟರಾಜುವಿಗೆ ಫೋನ್ ಮಾಡಿದೆ.

"ಬೇರೇವ್ರ ತಾವ ತಗಂಡು ನನ್ ಕೇಳ್ತೀರಲ್ಲ ಸಾ," ಎಂದ. "ಓಗ್ಲಿ ಬುಡಿ. ಅದ್ನೈದಿಂಚು ಆಕಿ."

"ಮೊದ್ಲು ಹತ್ತು ಅಂದ್ರಿ, ಆಮೇಲೆ ಹನ್ನೆರಡು ಅಂದ್ರಿ. ಇನ್ನು ಇಂಚು ಏರಿಸ್ತಾ ಹೋದ್ರೆ ನಾವು ಕೂರೋದೆಲ್ಲಿ?"

"ಕ್ವಾಪ ಮಾಡ್ಕಬ್ಯಾಡಿ ಸಾ. ಬಾಗೂರಲ್ಲಿ ಒಬ್ರು ಎಲ್ಡು ಆಕ್ಸವ್ರೆ. ಅಟ್ಟೀಲಿ ಎಮ್ಮೆ ಆಲು ಕೊಡದ್ನೇ ನಿಲ್ಲುಸ್ಬುಡ್ತಂತೆ, ಅಂಗೈತೆ ಬೇಸು!"

"ನಮ್ಮನೇಲಿ ಎಮ್ಮೆ ಇಲ್ಲ ಪುಟ್ಟರಾಜು, ಅಪ್ಪ ಇದಾರೆ," ಎಂದು ಫೋನ್ ಇಟ್ಟೆ.

ಊಟಕ್ಕೆ ಕೂತರೂ ಸೇರಲಿಲ್ಲ. ಮತ್ತೆ ಮೇಲೆ ಹೋಗಿ ಸೋಫಾದ ಮೇಲೆ ಮೀಟರ್ ಇಟ್ಟೆ. ಎಪ್ಪತ್ತೆಂಟು ಡೆಸಿಬಲ್. ಎದುರಿಗೆ, ನಾಲ್ಕಡಿ ದೂರದಲ್ಲಿ ಅಪ್ಪನ ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ಮೀಟರ್ ಇಡಬೇಕೆಂದು ನನಗೆ ತೋಚಲೇ ಇಲ್ಲ. ಅದು ಅಪ್ಪನ ಮಡಿಯ ಕುರ್ಚಿ. ಅದರಲ್ಲಿ ಬೇರೆಯವರು ಕೂರುವುದಿಲ್ಲ, ಅದರ ಮೇಲೆ ಏನನ್ನೂ ಇಡುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸ್ಕೂಲ್ ಬ್ಯಾಗ್ ಇಟ್ಟು ಏಟು ತಿಂದಿದ್ದೆ. ಆಮೇಲೆ ಅದು ನನ್ನ ಲೆಕ್ಕದಲ್ಲಿ ಕೋಣೆಯ ಜಾಗವಾಗಿಯೇ ಉಳಿದಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ರುದ್ರಯ್ಯ ಬಂದ. ನಲವತ್ತರ ಆಸುಪಾಸಿನ, ಚುರುಕು ಕಣ್ಣಿನ ಮನುಷ್ಯ. ಹೆಗಲಲ್ಲಿ ಮೃದಂಗಕ್ಕೆಂದು ಹೊಲಿಸಿದ ಹೊಸ ಚೀಲ. ಅಪ್ಪ ದೇವರ ಕೋಣೆಯಿಂದ ವಾದ್ಯ ತರಲು ಹೋಗಿದ್ದರು. ನಾನು ಮತ್ತೆ ಹಾಕಿದ್ದ ಭಜನೆ ಕೇಳಿ ಆತ ನೇರ ಮಹಡಿಗೇ ಬಂದ. ನಾನು ಸಬ್‌ವೂಫರ್‌ನ ಹಿಂದೆ ಮಂಡಿಯೂರಿ ಗುಂಡಿ ತಿರುಗಿಸುತ್ತಿದ್ದೆ.

"ಕೂರ್ಬೋದಾ ಸಾ?" ಎಂದ.

ನಾನು ತಿರುಗಿ ನೋಡದೆ "ಹೂಂ" ಎಂದೆ. ಕಾಫಿ ಹಿಡಿದು ಬಂದ ಶ್ರೀಗೌರಿ ಬಾಗಿಲಲ್ಲೇ "ಅಯ್ಯೋ, ಅದು..." ಎಂದಾಗ ತಲೆ ಎತ್ತಿದೆ. ರುದ್ರಯ್ಯ ಅಪ್ಪನ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುತ್ತಿದ್ದ.

"ಯಾರು ಸಾ ನುಡಿಸಿರೋದು? ಬಲಗೈ ಶಾನೆ ಚೆಂದಾಗದೆ," ಎಂದ. ಆಮೇಲೆ ಹುಬ್ಬು ಗಂಟಿಕ್ಕಿದ. "ಎಡಗೈನೇ ಆಡಿಸ್ತಿಲ್ವಲ್ಲ, ಯಾಕೆ? ನೋವಾಗಿತ್ತಾ?"

ಬಾಗಿಲಲ್ಲಿ, ಶ್ರೀಗೌರಿಯ ಹಿಂದೆ, ಮೃದಂಗವನ್ನು ಎದೆಗವಚಿಕೊಂಡು ಅಪ್ಪ ನಿಂತಿದ್ದರು.

"ರುದ್ರಯ್ಯ, ಸ್ವಲ್ಪ ಈ ಸೋಫಾದ ಮೇಲೆ ಕೂತ್ಕೊಳ್ಳಿ," ಎಂದೆ.

ಆತ ಹಿಂದಕ್ಕೆ ಹೋಗಿ ಕೂತ. "ಅಯ್ ಸಿವ್ನೇ! ಇಲ್ಲಿ ಗುಂಯ್ ಅಂತದೆ. ಎಡಗೈ ಇಲ್ಲಿ ಅವಿತ್ಕಂಡದೆ ಕಣ ಸಾ!"

ಹಾಡು ನಿಲ್ಲಿಸಿ ಅರವತ್ತೇಳು ಹರ್ಟ್ಸಿನ ಸ್ವರ ಹಾಕಿದೆ. ಮೀಟರನ್ನು ಕೈಯಲ್ಲಿ ಹಿಡಿದು ಅಪ್ಪನ ಮುಖ ನೋಡಿದೆ. ಅವರು ತಲೆಯಾಡಿಸಿದರು. ಕುರ್ಚಿಯ ಮೇಲೆ ಇಟ್ಟೆ. ಐವತ್ತನಾಲ್ಕು. ಸೋಫಾದ ಮೇಲೆ ಎಪ್ಪತ್ತೆಂಟು.

ಕೋಣೆಯ ಉದ್ದ ಹದಿನೇಳು ಅಡಿ. ಅರವತ್ತೇಳು ಹರ್ಟ್ಸಿನ ಒಂದು ಅಲೆಯ ಉದ್ದವೂ ಹೆಚ್ಚುಕಡಿಮೆ ಹದಿನೇಳು ಅಡಿ. ಸೋಫಾದ ಹಿಂದಿನ ಗೋಡೆಗೆ ಬಡಿದು ಹಿಂತಿರುಗುವ ಅಲೆ, ತನ್ನ ಉದ್ದದ ಕಾಲು ಭಾಗದಷ್ಟು ದೂರದಲ್ಲಿ, ಎದುರು ಬರುವ ಅಲೆಯನ್ನು ಅಳಿಸಿಹಾಕುತ್ತದೆ. ಗೋಡೆಯಿಂದ ನಾಲ್ಕೂಕಾಲು ಅಡಿ. ಅಪ್ಪನ ಕುರ್ಚಿ ಇದ್ದದ್ದು ಸರಿಯಾಗಿ ಅಲ್ಲಿ. ಪೆಟ್ಟಿಗೆ ದೊಡ್ಡದಾದರೆ ಬರುವ ಅಲೆಯೂ ದೊಡ್ಡದು, ಅಳಿಸುವ ಅಲೆಯೂ ದೊಡ್ಡದು. ಇದನ್ನು ನಾನು ಪ್ರತಿ ವರ್ಷ ಗಾಜಿನ ಕೊಳವೆಯಲ್ಲಿ ನೀರು ಏರಿಸಿ ಇಳಿಸಿ ಮಕ್ಕಳಿಗೆ ತೋರಿಸುತ್ತೇನೆ. ಕಿವಿ ಪರೀಕ್ಷೆಯ ಕಾಗದವನ್ನು ತೆಗೆದು ನೋಡಿದೆ. ಗೆರೆ ಬಿದ್ದಿದ್ದು ಬಲತುದಿಯಲ್ಲಿ, ಕೀರಲು ಸದ್ದುಗಳಲ್ಲಿ ಮಾತ್ರ. ಕೆಳಸ್ವರಗಳಿರುವ ಎಡತುದಿಯಲ್ಲಿ ಅಪ್ಪನ ಕಿವಿ ಸರಿಯಾಗಿಯೇ ಇತ್ತು. ಅದನ್ನು ನಾನು ನೋಡಿಯೇ ಇರಲಿಲ್ಲ.

ಮೀಟರು ಎಪ್ಪತ್ತೈದು ತೋರುವವರೆಗೆ ಕುರ್ಚಿಯನ್ನು ಮುಂದಕ್ಕೆ ಸರಿಸಿ ಮತ್ತೆ ಹಾಡು ಹಾಕಿದೆ. ಅಪ್ಪ ಮೃದಂಗವನ್ನು ಮಡಿಲಲ್ಲಿಟ್ಟುಕೊಂಡೇ ಕೂತರು. ತಾಳದ ಮೂರನೆಯ ಆವರ್ತದಲ್ಲಿ ಅವರ ಎಡಗೈ ತಾನಾಗಿ ಎದ್ದು, ಮೂವತ್ತಮೂರು ವರ್ಷದ ಹಿಂದಿನ ತಮ್ಮದೇ ಪೆಟ್ಟಿನ ಜೊತೆಗೆ ಬಿತ್ತು.

ರುದ್ರಯ್ಯ ಹೊಸ ಚೀಲವನ್ನು ಮಡಚುತ್ತಾ ಅಪ್ಪನತ್ತ ನೋಡಿದ. "ಅಂಗಾರೆ ನಾನು ಬರಿಗೈಲಿ ಓಗ್ಬೇಕು ಅನ್ನಿ ಮೇಷ್ಟ್ರೇ."

"ಕಾಫಿ ಕುಡಿಯಯ್ಯ, ಬರಿಗೈ ಯಾಕೆ? ಶನಿವಾರ ಬಾ, ತಾಳ ಹಾಕುವಿಯಂತೆ," ಎಂದರು ಅಪ್ಪ.

ಆತ ಹೋದ ಮೇಲೆ ನಾನು ವೈರುಗಳನ್ನು ಸುತ್ತುತ್ತಿದ್ದೆ. ಅಪ್ಪ ಮೂಲೆಯ ಕಪ್ಪು ಪೆಟ್ಟಿಗೆಯನ್ನು ನೋಡುತ್ತಾ ಹೇಳಿದರು. "ಮೂರು ಪೆಟ್ಟಿಗೆ ತಂದ್ಯಲ್ಲೋ. ಒಂದು ಸಲ ನನ್ನ ಕುರ್ಚೀಲಿ ಕೂತು ಕೇಳೋಕಾಗ್ಲಿಲ್ವಾ?"

"ನೀವು ಬೈತಿದ್ರಿ."

"ಬೈತಿದ್ದೆ. ಬೈಸ್ಕೊಂಡಿದ್ರೆ ಏನಾಗ್ತಿತ್ತು? ಎಂಟು ತಿಂಗಳು ನಾನು ಕಿವುಡ ಅಂದ್ಕೊಂಡು ಕೂತಿದ್ನಲ್ಲೋ."

ಅವರು ಸ್ನಾನಕ್ಕೆ ಹೋದರು. ಕುರ್ಚಿಯನ್ನೂ ತೊಳೆಯಬೇಕೆಂದು ಹೇಳಿಯೇ ಹೋದರು. ನಾನು ಅಳತೆ ಟೇಪು ತಂದು, ನೆಲದ ಮೇಲೆ ಕುರ್ಚಿಯ ಕಾಲುಗಳು ಬಿಟ್ಟಿದ್ದ ಹಳೆಯ ಗುರುತಿನಿಂದ ಹೊಸ ಜಾಗದವರೆಗೆ ಅಳೆದೆ. ಎರಡು ಅಡಿ ಎರಡು ಇಂಚು.