ಮಾತನಾಡಿಸಲು ಬಂದವನು

ನಾನು ಸತ್ತ ಸುದ್ದಿ ನನಗೆ ಗೊತ್ತಾದದ್ದು ಸಿಂಧನೂರಿನ ಟಾಕೀಸಿನಲ್ಲಿ. ಟಿಕೆಟ್ಟನ್ನೂ ನಾನೇ ತೆಗೆಸಿದ್ದೆ.

ಹೆಸರು ಶಿವಗಂಗಾ, ವಯಸ್ಸು ಐವತ್ತೊಂದು, ಗಂಡ ಹೋಗಿ ಇಪ್ಪತ್ತು ವರ್ಷ. ಲಿಂಗಸುಗೂರಿನಲ್ಲಿ ಅಣ್ಣನ ಮನೆಯಲ್ಲಿದ್ದು ಹೊಲಿಗೆ ಕ್ಲಾಸು ನಡೆಸುತ್ತೇನೆ. ಕ್ಲಾಸಿನ ಹುಡುಗಿಯರೆಲ್ಲ ಆ ಸಿನಿಮಾ ನೋಡಿ ಕಣ್ಣು ಊದಿಸಿಕೊಂಡು ಬಂದಿದ್ದರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ಕಾಯುತ್ತ ಕುಳಿತ ಇಬ್ಬರು, ನಡುವಯಸ್ಸು ದಾಟಿದವರು, ಗುರುತಿಲ್ಲ ಪರಿಚಯವಿಲ್ಲ, ಒಬ್ಬರಿಗೊಬ್ಬರು ಮನಸ್ಸು ಕೊಡುವ ಕತೆ. ಮಹಾಲಕ್ಷ್ಮಿ ಎಂಬ ಹುಡುಗಿ ದುಂಬಾಲು ಬಿದ್ದು ನನ್ನನ್ನೂ ಕರೆದೊಯ್ದಳು. ಪರದೆಯ ಮೇಲಿನ ಹೆಂಗಸು ರೊಟ್ಟಿ ಬುತ್ತಿ ಬಿಚ್ಚಿ ಪಕ್ಕದವನಿಗೆ, "ಒಬ್ಬರ ಉಂಡ್ರ ಗಂಟಲಾಗ ಇಳಿಯಂಗಿಲ್ರಿ, ತಗೋರಿ" ಎಂದಳು. ಅದು ನಾನಾಡಿದ ಮಾತು.

ಎರಡು ವರ್ಷದ ಹಿಂದೆ ಅಕ್ಕ ಕಸ್ತೂರೆಮ್ಮನ ಜೊತೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನಲವತ್ತು ದಿನ ಇದ್ದೆ. ಪಕ್ಕದ ಹಾಸಿಗೆಯಲ್ಲಿ ಆನಂದಕುಮಾರನ ತಾಯಿ. ಅವನು ಒಂಟಿ, ಸಿನಿಮಾ ಮಾಡುವವನು. ನನ್ನನ್ನೇ ಸಿನಿಮಾ ಮಾಡುತ್ತಾನೆಂದು ನನಗೇನು ಕನಸು ಬಿದ್ದಿತ್ತೇ? ದೀಪಾವಳಿಗೆ ಊರಿಗೆ ಬಂದು ಅಣ್ಣನನ್ನು ಕೇಳುತ್ತೇನೆ, ಮದುವೆಯಾಗೋಣ ಎಂದ. ನಾನು ನಂಬಿದೆ. ಈ ವಯಸ್ಸಿನಲ್ಲಿ ಅಣ್ಣ ಕರಿಬಸಯ್ಯನ ಮುಂದೆ ತಲೆ ತಗ್ಗಿಸಿಕೊಂಡೇ ಆ ಮಾತು ಎತ್ತಿದೆ. ಅಣ್ಣ ಬೈಯಲಿಲ್ಲ. ಮನೆಗೆ ಸುಣ್ಣ ಹೊಡೆಸಿ, ನಾಲ್ಕು ಮಂದಿಗೆ ಹೇಳಿಕೊಂಡು ಬಂದ. ದೀಪಾವಳಿ ಹೋಯಿತು, ಯುಗಾದಿಯೂ ಹೋಯಿತು, ಅವನ ಫೋನು ಸತ್ತಿತ್ತು. "ಬೀಗರು ಎಲ್ಲಿ ತನಕ ಬಂದಾರ್ರಿ?" ಎಂದು ಓಣಿಯವರು ಕಿಚಾಯಿಸುತ್ತಿದ್ದರು. ಅಣ್ಣ ಚಹಾದಂಗಡಿಗೆ ಹೋಗುವುದನ್ನೇ ಬಿಟ್ಟ.

ಸಿನಿಮಾದಲ್ಲಿ ಅವನು ಕೈಕೊಡುವುದಿಲ್ಲ. ಅವಳೇ ಊರಿಗೆ ಮರಳುವ ಬಸ್ಸಿನಲ್ಲಿ ಎದೆನೋವು ಬಂದು ಸಾಯುತ್ತಾಳೆ. ಟಾಕೀಸಿಗೆ ಟಾಕೀಸೇ ಅವನಿಗಾಗಿ ಮೂಗೊರೆಸಿಕೊಂಡಿತು. ಮೋಸ ಮಾಡಿದವನು ಅವನು, ಸತ್ತವಳು ನಾನು, ಅಯ್ಯೋ ಪಾಪ ಅನ್ನಿಸಿಕೊಂಡವನೂ ಅವನೇ!

ಮುಂದಿನ ಭಾನುವಾರ ಮಧ್ಯಾಹ್ನದ ಆಟಕ್ಕೆ ಆನಂದಕುಮಾರನೇ ಬರುತ್ತಾನೆಂದು ಗೋಡೆಗಳಿಗೆ ಚೀಟಿ ಅಂಟಿಸಿದರು. ಅಣ್ಣನನ್ನು ಕರೆದುಕೊಂಡು ಹಿಂದಿನ ಸಾಲಿನಲ್ಲಿ ಕುಳಿತೆ. ಚಪ್ಪಲಿಯಲ್ಲಿ ಹೊಡೆಯಬೇಕೆಂದೇ ಹೋಗಿದ್ದೆ, ಸುಳ್ಳೇಕೆ ಹೇಳಲಿ. ಅವನು ಮೈಕು ಹಿಡಿದು, "ಇದು ನನ್ನದೇ ಕತೆ. ಆಕೆ ನಿಮ್ಮ ಕಡೆಯವರು. ಈಗಿಲ್ಲ. ಕೊನೆಗೆ ಮುಖ ನೋಡೋ ಭಾಗ್ಯವೂ ನನಗಿರಲಿಲ್ಲ" ಎಂದು ಕಣ್ಣೊರೆಸಿಕೊಂಡ. ಇವನಿಗೆ ಚಪ್ಪಲಿ ಸಾಲದು ಅನ್ನಿಸಿತು. ಅಣ್ಣನ ಕಿವಿಯಲ್ಲಿ ಒಂದು ಮಾತು ಹೇಳಿದೆ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಪರಿಚಯದವರು ಆ ಮನೆಗೆ ಹೋಗಿ ಮಾತನಾಡಿಸಿ ಬರಬೇಕು. ವರ್ಷ ತಡವಾದರೂ ಸರಿ, ಹೋಗದವನನ್ನು ಯಾರೂ ಮನುಷ್ಯನೆನ್ನುವುದಿಲ್ಲ.

ಅಣ್ಣ ಎದ್ದು ನಿಂತ. "ಸಾಹೇಬ್ರ, ದವಾಖಾನ್ಯಾಗ ನಿಮಗ ರೊಟ್ಟಿ ಕೊಟ್ಟಾಕಿ ನನ್ನ ತಂಗಿ ಶಿವಗಂಗಾ. ಮನಿ ಇಲ್ಲೇ ಲಿಂಗಸುಗೂರಾಗ ಐತಿ. ಇಷ್ಟು ದುಃಖ ಐತಿ ಅಂದಮ್ಯಾಲ ಒಮ್ಮಿ ಮಾತಾಡ್ಸಾಕ ಬರ್ರಿ."

ಜನರೆಲ್ಲ ತಿರುಗಿ ನೋಡಿದರು, ಮೊಬೈಲುಗಳು ಮೇಲೆದ್ದವು. ಕತ್ತಲಲ್ಲಿದ್ದ ನಾನು ಅವನಿಗೆ ಕಾಣಲಿಲ್ಲ. ನನಗೆ ಅವನ ಮುಖ ಚೆನ್ನಾಗಿ ಕಂಡಿತು. ಮೊದಲು ಬೆಚ್ಚಿದ. ಆಮೇಲೆ, ನಾನು ನಿಜವಾಗಿಯೂ ಸತ್ತಿದ್ದೇನೆಂದು ತಿಳಿದು, ಆ ಮುಖ ಹಗುರಾಯಿತು. ಅದೊಂದನ್ನು ನಾನು ಮಣ್ಣಿಗೆ ಹೋಗುವತನಕ ಮರೆಯಲಾರೆ. "ನಾಳೆನೇ ಬರ್ತೀನಿ" ಎಂದ, ಎಲ್ಲರಿಗೂ ಕೇಳುವಂತೆ.

ಮರುದಿನ ಬೆಳಿಗ್ಗೆ ಮಸ್ಕಿಯಲ್ಲಿ ಸೇವಂತಿಗೆ ಹಾರ ಕೊಂಡು, ಇಬ್ಬರು ಕ್ಯಾಮೆರಾದವರನ್ನು ಕಟ್ಟಿಕೊಂಡು ಬಂದ. ಓಣಿಯ ಹೆಂಗಸರು ಬಾಗಿಲ ತನಕ ಸೇರಿದ್ದರು. ಒಳಗೆ ಚಾಪೆಯ ಮೇಲೆ ನಾನು ಕುಳಿತಿದ್ದೆ.

ಹಾರ ಅವನ ಕೈಯಲ್ಲೇ ಉಳಿಯಿತು.

"ಕುಂದರ್ರಿ" ಎಂದೆ. "ಮಾತಾಡ್ಸಾಕ ಬಂದವರು ಮೊದಲು ಏನಾಗಿತ್ತು ಅಂತ ಕೇಳ್ತಾರ. ನೀವು ಕೇಳಂಗಿಲ್ಲ, ನಾನ ಕೇಳ್ತೀನಿ. ಏನಾಗಿತ್ತು ನನಗ? ಹೆಂಗ ಸತ್ತೆ?"

"ಶಿವಗಂಗಾ... ಕತೆಗೆ ಹಾಗೆ ಬೇಕಾಗಿತ್ತು."

"ಕತಿಗೆ ಬೇಕಾಗಿತ್ತು, ಖರೇ. ನಿನ್ನಿ ಮೈಕ್ ಹಿಡಿದು ಅತ್ತಿಯಲ್ಲ, ಅದು ಯಾರಿಗೆ ಬೇಕಾಗಿತ್ತು? ನಮ್ಮಣ್ಣ ಮನಿಗೆ ಸುಣ್ಣ ಹೊಡಿಸಿ ನಿನ್ನ ದಾರಿ ಕಾದಾನ. ನಾನೂ ಕಾದೀನಿ. ಬ್ಯಾಡ ಅಂತ ಒಂದು ಮಾತು ಹೇಳಿದ್ರ ಸಾಕಿತ್ತು. ಹೇಳೂದಕ್ಕಿಂತ ನನ್ನ ಕೊಲ್ಲೂದು ಹಗುರಾತು ನಿನಗ."

ಅವನು ಕ್ಯಾಮೆರಾದವರತ್ತ ಕೈಬೀಸಿ "ನಿಲ್ಲಿಸಿ" ಎಂದ. ಅವರು ನಿಲ್ಲಿಸಿದರು. ಆದರೆ ಬಾಗಿಲಲ್ಲಿದ್ದ ನನ್ನ ಹುಡುಗಿಯರ ಫೋನುಗಳು ಅವನ ಮಾತು ಕೇಳುವಂಥವಲ್ಲ. ಈ ಎರಡು ವರ್ಷದಲ್ಲಿ ನನಗೆ ಅಷ್ಟು ಖುಷಿಯಾದದ್ದಿಲ್ಲ.

ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಒತ್ತಿಕೊಂಡು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ತಲೆಯೆತ್ತದೆ, ರೂಢಿಯಂತೆ "ಬರ್ತೀನಿ" ಎಂದ.

"ಸತ್ತವರ ಮನ್ಯಾಗ ಹಂಗನ್ನಬಾರದು" ಎಂದೆ. "ಸುಮ್ನ ಹೋಗಬೇಕು."