ಪುರುಸೊತ್ತಿಲ್ಲ ಎನ್ನುವ ಪದಗಳು

ಎದುರು ಮನೆಯ ಹೊಗೆಗೂಡಿನ ಮೇಲೆ ಕಡಲಕ್ಕಿ ಬಂದು ಕೂತಿದೆ, ಎಡಿನ್‌ಬರೋ ಊರೊಳಗೆ ಕಡಲಕ್ಕಿ ಹೊಕ್ಕಿತೆಂದರೆ ಕಡಲು ಕೆರಳಿದೆ ಎಂದೇ ಲೆಕ್ಕ, ಅಪ್ಪ ಹೇಳುತ್ತಿದ್ದ, ಅಪ್ಪ ಹೇಳಿದ್ದೆಲ್ಲ ನಿಜವಾಗಬೇಕೆಂದೇನಿಲ್ಲ — ಇಷ್ಬೆಲ್ ಕಿಟಕಿಯಿಂದ ಕಣ್ಣು ಕಿತ್ತು ಮೇಜಿನ ಚೀಟಿಗಳ ಮೇಲಿಟ್ಟಳು, ಬ್ಯುಸಿ, ಆಕ್ಯುಪೈಡ್, ಎಂಗೇಜ್ಡ್, ಮೂರೂ ಪುರುಸೊತ್ತಿಲ್ಲ ಎನ್ನುತ್ತವೆ ಆದರೆ ಮೂರೂ ಒಂದೇ ಅಲ್ಲ, ಎಲ್ಲಿ ಹೇಗೆ ಬೇರೆ ಎಂದು ಇಂಗ್ಲಿಷ್ ಕಲಿಯುವ ಹೊರದೇಶದವರಿಗೆ ಅರ್ಥವಾಗುವಂತೆ ಬರೆದುಕೊಡಬೇಕು, ಹನ್ನೆರಡು ಗಂಟೆಗೆ ಅಚ್ಚಿಗೆ ಹೋಗಬೇಕು, ಈ ನಿಘಂಟಿನ ಕಚೇರಿಯಲ್ಲಿ ಹದಿನೆಂಟು ವರ್ಷ ಸವೆಸಿದವಳಿಗೆ ಇದು ಅರ್ಧ ಗಂಟೆಯ ಕೆಲಸ, ಬೆಳಗಿನಿಂದ ಒಂದು ಸಾಲೂ ಹುಟ್ಟಿಲ್ಲ. ಎಂಟು ಗಂಟೆಗೆ ಮೀನುಗಾರರ ಊರಾದ ಪಿಟನ್‌ವೀಮ್‌ನಿಂದ ತಂಗಿ ಕಟ್ರೀನ ಫೋನ್ ಮಾಡಿದ್ದಳು, ರ‍್ಯಾಬ್‌ನ ದೋಣಿ ನಿನ್ನೆ ಸಂಜೆ ಬರ್ಬೇಕಿತ್ತು ಕಣೇ, ಬಂದಿಲ್ಲ, ವೈರ್‌ಲೆಸ್‌ನಲ್ಲಿ ಕೂಗಿದ್ರೂ ಉತ್ತರ ಇಲ್ಲ, ಜೊತೇಲಿ ಇನ್ನೂ ಮೂರು ಜನ ಇದ್ದಾರೆ, ನೀನು ಗಾಬರಿ ಆಗ್ಬೇಡ, ಗಾಬರಿ ಆಗ್ಬೇಡ ಅಂತ ಹೇಳೋಕೆ ಇಷ್ಟು ಹೊತ್ತಿಗೇ ಫೋನ್ ಮಾಡಿದ್ಯಾ, ಎಂದಿದ್ದಳು ಇಷ್ಬೆಲ್, ಹೂಂ, ಅದಕ್ಕೇ, ಏನಾದ್ರೂ ಗೊತ್ತಾದ್ರೆ ಹೇಳ್ತೀನಿ. ಆಮೇಲೆ ಸುದ್ದಿಯಿಲ್ಲ. ಇಷ್ಬೆಲ್ ಒಂಬತ್ತಕ್ಕೆ ತಂಗಿಯ ನಂಬರು ತಿರುಗಿಸಿದಳು, ಎಂಗೇಜ್ಡ್, ಒಂಬತ್ತೂವರೆಗೆ, ಎಂಗೇಜ್ಡ್, ಹತ್ತಕ್ಕೆ, ಹತ್ತೂಕಾಲಿಗೆ, ಕಿವಿಯೊಳಗೆ ಅದೇ ಮೊಂಡು ಸದ್ದು ಕೂಗಿ ನಿಂತು ಕೂಗಿ ನಿಂತು, ಯಾರ ಹತ್ತಿರ ಮಾತಾಡುತ್ತಿದ್ದಾಳೆ ಇವಳು ಇಷ್ಟು ಹೊತ್ತು, ಬಂದರಿನವರ ಹತ್ತಿರವೋ, ಪಾದ್ರಿಯ ಹತ್ತಿರವೋ, ಛೇ, ಪಾದ್ರಿ ಯಾಕೆ, ಎಂಗೇಜ್ಡ್ ಎಂದರೆ ಆ ತುದಿಯಲ್ಲಿ ಒಂದು ಕೈ ಫೋನು ಹಿಡಿದಿದೆ ಎಂದು ಅರ್ಥ, ಸುಮ್ಮನೆ ರಿಂಗಾಗುತ್ತಲೇ ಇದ್ದಿದ್ದರೆ ಅದು ಕೆಟ್ಟದ್ದು, ಮನೆಯವರೆಲ್ಲ ಬಾಗಿಲು ಹಾಕಿಕೊಳ್ಳದೆ ಬಂದರಿಗೆ ಓಡಿದ್ದಾರೆ ಎಂದರ್ಥ, ಹಾಗೆ ರಿಂಗಾಗುತ್ತಲೇ ಇದ್ದ ದಿನ ಒಂದಿತ್ತು, ಅಪ್ಪನ ದೋಣಿ ಬಾರದ ದಿನ, ಅವಳಿಗೆ ಆಗ ಹತ್ತು ವರ್ಷ, ಬೇಡ, ಅದು ಬೇಡ.

ಬ್ಯುಸಿ ಎಂದು ಬರೆದಳು, ಮುಂದೆ ಹೋಗಲಿಲ್ಲ, ರ‍್ಯಾಬ್‌ಗೆ ಅವಳು ಹೇಳಿದ್ದೂ ಅದೇ, ಮೂರು ವರ್ಷದ ಹಿಂದೆ ಈಸ್ಟರ್‌ಗೆ ತಂಗಿಯ ಮನೆಗೆ ಹೋದಾಗ, ಬಂದರಿನ ಗೋಡೆಯ ಮೇಲೆ ಇಬ್ಬರೂ ಕೂತು ಕಾಗದದ ಪೊಟ್ಟಣದಿಂದ ಕರಿದ ಮೀನು ತಿನ್ನುವಾಗ, ಬೆರಳೆಲ್ಲ ವಿನೆಗರ್, ಆತ ನೀರಿನ ಕಡೆ ನೋಡುತ್ತ, ನಾವಿಬ್ರೂ ಒಂದೇ ಮನೇಲಿ ಇರ್ಬಹುದಲ್ವಾ ಇಷ್ಬೆಲ್, ಅಂದ, ಬಿಸಿಲು ಬಂದ್ರೂ ಬರಬಹುದಲ್ವಾ ಅನ್ನುವ ಹಾಗೆ, ಐವತ್ತೈದು ವರ್ಷದ ಗಂಡಸು, ಹೆಂಡತಿ ಸತ್ತು ನಾಲ್ಕು ವರ್ಷವಾಗಿತ್ತು, ಕಿವಿ ಮಾತ್ರ ಹುಡುಗನ ಹಾಗೆ ಕೆಂಪಗೆ, ಇವಳು ತಡಬಡಿಸಿ, ನಾನೀಗ ಬ್ಯುಸಿ ರ‍್ಯಾಬ್, ನಿಘಂಟು ಮುಗೀಲಿ. ಎಲ್ಲಿಗೆ ಬಂದಿದೆ? ಎಸ್ ಅಕ್ಷರಕ್ಕೆ. ಹಾಗಾದ್ರೆ ಇನ್ನೇನು, ಮುಗಿದೇ ಹೋಯ್ತು. ಝಡ್ ಮುಗಿಯಿತು, ಹೊಸ ಆವೃತ್ತಿ ಶುರುವಾಯಿತು, ಈ ಬೇಸಿಗೆಯಲ್ಲಿ ಮತ್ತೆ ಕೇಳಿದ, ಈಗ ಎಲ್ಲಿಗೆ ಬಂತು? ಬಿ ಅಕ್ಷರಕ್ಕೆ. ಅಯ್ಯೋ ದೇವ್ರೇ, ಎಂದು ತಲೆ ಮೇಲೆ ಕೈ ಹೊತ್ತು ಎಷ್ಟು ನಕ್ಕ, ಅವಳೂ ನಕ್ಕಳು, ರೈಲಿನಲ್ಲಿ ವಾಪಸು ಬರುವಾಗ ಮಾತ್ರ ಫೋರ್ತ್ ಸೇತುವೆಯ ಉದ್ದಕ್ಕೂ ಕೆಳಗಿನ ದೋಣಿಗಳನ್ನು ಎಣಿಸುತ್ತ ಕೂತಿದ್ದಳು. ಬ್ಯುಸಿ ಅಲ್ಲವೇ ಅಲ್ಲ, ಆಕ್ಯುಪೈಡ್, ಅದೇ ಸರಿಯಾದ ಪದ, ಕುರ್ಚಿಗೆ ಹೇಳುವುದು, ಕೋಣೆಗೆ ಹೇಳುವುದು, ಒಳಗೆ ಬೇರೆಯವರಿದ್ದಾರೆ, ನೀನು ಹೊರಗೇ ನಿಲ್ಲು ಎನ್ನುವುದು — ಅವನ ದೋಣಿಯ ಮೂತಿಯ ಮೇಲೆ ಬಿಳಿ ಅಕ್ಷರದಲ್ಲಿ ಎಲ್ಸ್‌ಪೆತ್ ಎಂದಿದೆ, ಸತ್ತ ಹೆಂಡತಿಯ ಹೆಸರು, ಪ್ರತಿ ವಸಂತದಲ್ಲಿ ಹೊಸದಾಗಿ ಬಳಿಯುತ್ತಾನೆ, ಮೊಣಕಾಲೂರಿ, ನಾಲಿಗೆ ತುದಿ ಹಲ್ಲಿನ ನಡುವೆ ಕಚ್ಚಿ, ಒಂದು ಅಕ್ಷರ ಗೆರೆ ದಾಟುವುದಿಲ್ಲ, ಅದನ್ನು ನೋಡಿದ ಯಾವ ಹೆಂಗಸಿಗೆ ಒಳಗೆ ಬರಬಹುದೇ ಎಂದು ಕೇಳಲು ಬಾಯಿ ಬಂದೀತು, ಒಮ್ಮೆ ಕೇಳಬಹುದಿತ್ತು, ಕೇಳಲಿಲ್ಲ, ಬ್ಯುಸಿ ಎಂದು ಹೇಳುವುದು ಸುಲಭ, ಯಾರಿಗೂ ನೋವಿಲ್ಲ, ಹೇಳಿದವರಿಗೆ ಒಂದಿಷ್ಟು ಘನತೆ ಬೇರೆ, ಇದನ್ನು ಹೊರದೇಶದವರಿಗೆ ಹೇಗೆ ಬರೆದುಕೊಡುವುದು, ಕಡಲಕ್ಕಿ ಎದ್ದು ಹೋಯಿತು, ಎಲ್ಲಿಗೆ ಹೋಯಿತು, ಈಗ ಹನ್ನೊಂದೂಕಾಲು, ನಾಲ್ಕು ಜನ, ಆ ನೀರು ಎಷ್ಟು ತಣ್ಣಗಿರುತ್ತದೆ ಎಂದರೆ —

ಫೋನು. ಎತ್ತಿದ ಕೂಡಲೇ ಪೀಪ್ ಪೀಪ್ ಪೀಪ್, ರಸ್ತೆಬದಿಯ ಫೋನು, ನಾಣ್ಯ ಬಿದ್ದ ಸದ್ದು, ಗಾಳಿ, ಒಂದು ಕೆಮ್ಮು, ಆ ಕೆಮ್ಮು ಸಾಕು. ನಾನು, ರ‍್ಯಾಬ್, ಪೀಟರ್‌ಹೆಡ್ ಬಂದರಿನಿಂದ, ಎಲ್ರೂ ಇದ್ದೀವಿ, ನಾಲ್ಕೂ ಜನ, ಬಲೆ ಹೋಗಿ ಪ್ರೊಪೆಲರ್‌ಗೆ ಸುತ್ಕೊಂಡ್ತು, ವೈರ್‌ಲೆಸ್ಸೂ ನೀರು ಕುಡೀತು, ಬೆಳಗ್ಗೆ ಒಂದು ದೊಡ್ಡ ದೋಣಿಯೋರು ಎಳ್ಕೊಂಡು ಬಂದ್ರು, ಹುಡುಗ್ರ ಮನೆಗೆಲ್ಲ ನಿನ್ನ ತಂಗೀನೇ ಫೋನ್ ಮಾಡಿ ಹೇಳ್ತಿದ್ದಾಳೆ, ನಿನಗೆ ಮಾತ್ರ ನಾನೇ ಹೇಳ್ತೀನಿ ಅಂದೆ, ಆಮೇಲೆ ನೋಡಿದ್ರೆ ಜೇಬಲ್ಲಿ ಚಿಲ್ಲರೆ ಇಲ್ಲ, ಇಷ್ಬೆಲ್, ಇದ್ದೀಯಾ? ಇದ್ದೀನಿ. ಕೆಲಸದ ಮಧ್ಯೆ ತೊಂದರೆ ಕೊಟ್ನೇನೋ. ರ‍್ಯಾಬ್, ಆ ದೋಣಿ ಹೆಸರು — ಎಂದಳು, ಈಗಲೇ ಯಾಕೆ ಎಂದು ಅವಳಿಗೂ ತಿಳಿಯಲಿಲ್ಲ, ಬಾಯಿಗೆ ಬಂತು, ಅಷ್ಟೆ. ಹೆಸರಾ? ಹೆಸರಿಗೇನಾಯ್ತು? ದೋಣಿ ಹೆಸರು ಬದಲಾಯಿಸಬಾರ್ದು ಇಷ್ಬೆಲ್, ಅಪಶಕುನ, ನಮ್ಮ ಕಡೆ ಯಾರೂ ಬದಲಾಯಿಸಲ್ಲ, ಇಲ್ದಿದ್ರೆ ಯಾವತ್ತೋ — ಯಾಕೆ, ಅದೇನಾ ನಿನ್ನ ತಲೇಲಿ ಇದ್ದಿದ್ದು, ಇಷ್ಟು ವರ್ಷ ಅದೇನಾ? ಎಲ್ಸ್‌ಪೆತ್ ಇದ್ದಿದ್ರೆ ನಿನಗೆ ಚೆನ್ನಾಗಿ ಬೈತಿದ್ಲು, ಅವಳಿಗೆ ಕಾಯೋದು ಅಂದ್ರೆ ಆಗ್ತಿರಲಿಲ್ಲ. ಅಷ್ಟೇ ಹೊತ್ತಿಗೆ ಬಾಗಿಲು ತೆರೆದು ಸಂಪಾದಕ ಅಬರ್‌ಕ್ರಾಂಬಿಯ ಬೋಳುತಲೆ ಇಣುಕಿತು, ಮಿಸ್ ಗೆಡ್ಡಿಸ್, ಆ ಟಿಪ್ಪಣಿ ಆಯ್ತಾ, ಅವಳು ಕೈಯೆತ್ತಿ ತಡೆದು, ಐ ಆಮ್ ಎಂಗೇಜ್ಡ್ ಎಂದಳು, ಫೋನಿನಲ್ಲಿದ್ದೇನೆ ಎಂಬರ್ಥದಲ್ಲಿ, ಮಾತಿನಲ್ಲಿರುವವಳಿಗೂ ಮದುವೆಗೆ ಮಾತು ಕೊಟ್ಟವಳಿಗೂ ಅವರ ಭಾಷೆಯಲ್ಲಿ ಒಂದೇ ಪದ, ಅಬರ್‌ಕ್ರಾಂಬಿ ಅವಳ ಒದ್ದೆ ಕೆನ್ನೆ ನೋಡಿದ, ನಗು ನೋಡಿದ, ನಲವತ್ತು ವರ್ಷ ಅರ್ಥ ಬರೆದವನು ತಪ್ಪು ಅರ್ಥವನ್ನೇ ಹಿಡಿದು, ಅರೆರೆ, ಅಭಿನಂದನೆ ಮಿಸ್ ಗೆಡ್ಡಿಸ್, ಹೃತ್ಪೂರ್ವಕ ಅಭಿನಂದನೆ, ಟಿಪ್ಪಣಿ ಮಧ್ಯಾಹ್ನ ಕೊಡಿ ಪರವಾಗಿಲ್ಲ, ಎಂದು ತುದಿಗಾಲಲ್ಲಿ ಹೋಗಿ ಬಾಗಿಲು ಮೆಲ್ಲಗೆ ಎಳೆದುಕೊಂಡ. ಯಾರದು, ಎಂದ ರ‍್ಯಾಬ್, ಯಾಕೆ ಅಭಿನಂದನೆ? ನನಗೆ ಮದುವೆ ಗೊತ್ತಾಗಿದ್ಯಂತೆ. ಯಾರ ಜೊತೆ, ಎಂದ. ನೀನು ಎಲ್ಲಿಗೂ ಹೋಗ್ಬೇಡ, ಅಲ್ಲೇ ಇರು, ಹನ್ನೆರಡೂವರೆ ರೈಲು ಹಿಡಿದು ಅಬರ್ಡೀನ್‌ಗೆ ಬಂದು ಅಲ್ಲಿಂದ ಬಸ್ಸು ಹಿಡೀತೀನಿ. ನಾನೆಲ್ಲಿಗೆ ಹೋಗ್ಲಿ, ಎಂದ, ವಿ ಆರ್ ಟೈಡ್ ಅಪ್, ದೋಣಿ ಗಟ್ಟೀಗೆ ಕಟ್ಟಿದೆ, ನಾನೇ ಮೂರು ಸುತ್ತು — ಪೀಪ್ ಪೀಪ್ ಪೀಪ್, ನಾಣ್ಯ ಮುಗಿಯಿತು.

ಟೈಡ್ ಅಪ್, ಅದೂ ಪುರುಸೊತ್ತಿಲ್ಲ ಎನ್ನುವುದಕ್ಕೇ, ಪಟ್ಟಿಗೆ ಸೇರಿಸಬೇಕು, ಯಾರೋ ಸೇರಿಸಲಿ, ಕೋಟು ಎಲ್ಲಿ, ಒಂದು ತೋಳು ಸಿಕ್ಕಿತು, ಇನ್ನೊಂದು ತೋಳು ಹುಡುಕುತ್ತ ಕೋಣೆಯ ನಡುವೆ ನಿಂತುಬಿಟ್ಟಳು, ಪೀಟರ್‌ಹೆಡ್‌ನ ಕಟ್ಟೆಯನ್ನು ಅವಳು ಕಂಡವಳಲ್ಲ, ಆದರೂ ಕಾಣುತ್ತಿದೆ, ಕಲ್ಲಿನ ಮೇಲೆ ಮೊಣಕಾಲೆತ್ತರದ ಕಬ್ಬಿಣದ ಗೂಟ, ಅದಕ್ಕೆ ಹಗ್ಗ, ಅವನ ಕೈ ಸುತ್ತಿದ್ದು, ಮೂರು ಸುತ್ತು, ಅಲೆ ಎಳೆದಾಗ ಹಗ್ಗ ಬಿಗಿಯುತ್ತದೆ, ಬಿಗಿದಾಗ ಎಳೆಗಳ ನಡುವಿನಿಂದ ನೀರು ಹನಿಯುತ್ತದೆ, ಸಡಿಲುತ್ತದೆ, ಬಿಡುವುದಿಲ್ಲ, ಮತ್ತೆ ಬಿಗಿಯುತ್ತದೆ, ರೈಲಿಗೆ ಹೊತ್ತಾಯಿತು, ಹಗ್ಗ, ಒದ್ದೆ ಹಗ್ಗ, ಕಬ್ಬಿಣದ ಸುತ್ತ ಮೂರು ಸುತ್ತು