ಕಾಶಿನಾಥರ ಭಾನುವಾರಗಳು

ಚೌಕಾಸಿಯಲ್ಲಿ ನಾನು ಸೋತವನಲ್ಲ. ಮುಂಬಯಿಯ ಅಂಧೇರಿಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವನು ನಾನು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು, ಬಲಿತು ಹೋಗಿದೆ ಎಂದು ಮುಖ ಸಿಂಡರಿಸುವುದರಿಂದಲೇ ನನ್ನ ದಿನ ಶುರುವಾಗುತ್ತದೆ. ಬೇಕಾದ ಸಾಮಾನಿಗೇ ಹೆಚ್ಚು ಹೆಸರಿಡಬೇಕು, ಕೊಂಕು ತೆಗೆಯಬೇಕು, ಅದು ನನ್ನ ಪದ್ಧತಿ. ಮಾರುವವನಿಗೂ ಅದು ಗೊತ್ತು. ಅವನೂ ಎರಡು ಮಾತು ಬಿಸಾಡುತ್ತಾನೆ, ನಡುವೆ ಎಲ್ಲೋ ಒಂದು ಕಡೆ ಬಂದು ನಿಲ್ಲುತ್ತೇವೆ. ಯಾರಿಗೂ ಬೇಜಾರಿಲ್ಲ.

ವಿನೋದಿನಿಯಕ್ಕನಿಗೆ ಈ ಆಟ ಗೊತ್ತಿರಲಿಲ್ಲ. ಗೊತ್ತುಂಟೋ ಇಲ್ಲವೋ ಎಂದು ನಾನು ಯೋಚಿಸಲೂ ಇಲ್ಲ.

ಅವರ ಗಂಡ ಕಾಶಿನಾಥರು ನಮ್ಮ ಉಡುಪಿ ಕಡೆಯವರು, ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಹೋದ ವರ್ಷ ತೀರಿಕೊಂಡರು. ಬೊರಿವಲಿಯ ಅವರ ಬಿಲ್ಡಿಂಗಿನ ಹಿಂದೆ ಒಂದು ತಗಡಿನ ಶೆಡ್ಡು, ಅದರೊಳಗೆ ಐವತ್ತೆಂಟರ ಮಾಡೆಲ್ಲಿನ ಫಿಯಾಟ್. ಉಬ್ಬಿದ ಮೈ, ಮೊಂಡು ಮೂಗು. ಮುಂಬಯಿಯ ಜನ ಪ್ರೀತಿಯಿಂದ ಡುಕ್ಕರ್, ಅಂದರೆ ಹಂದಿ, ಎಂದು ಕರೆಯುವ ಗಾಡಿ. ಅರ್ಧ ಕೆಲಸ ಮುಗಿದಿತ್ತು, ಇನ್ನರ್ಧ ಹಾಗೇ ಉಳಿದಿತ್ತು. ಅಂಥದೊಂದನ್ನು ಕೈಯಾರೆ ರಿಪೇರಿ ಮಾಡಿ ಓಡಿಸಬೇಕೆಂಬುದು ನನ್ನ ಹಳೆಯ ಹುಚ್ಚು. ಈಗ ಗಲ್ಲಾದಲ್ಲಿ ಮಗಳು ವಿಜೇತಾ ಕೂರುತ್ತಾಳೆ, ನನಗೆ ಪುರುಸೊತ್ತಿದೆ.

ಹೋದ ವಾರ ವಿನೋದಿನಿಯಕ್ಕ ಹೊದಿಕೆ ಸರಿಸಿದಾಗ ನನ್ನ ಎದೆ ಡವಡವ ಹೊಡೆದುಕೊಂಡಿತು. ಬಾಯಿ ಮಾತ್ರ ತನ್ನ ಪಾಡಿಗೆ ಶುರು ಮಾಡಿತು.

"ಅಡಿಯೆಲ್ಲ ತುಕ್ಕು ಹಿಡಿದುಂಟು ಅಕ್ಕ. ಇಂಜಿನ್ ಜಾಮ್. ಇದು ಭಂಗಾರಕ್ಕೆ, ಗುಜರಿಗೆ ಹೋಗುವ ಮಾಲು."

ಅವರು ಮಾತಾಡಲಿಲ್ಲ. ಎದುರಿನವರು ಸುಮ್ಮನಿದ್ದರೆ ಇನ್ನಷ್ಟು ಒತ್ತಬೇಕು, ಅದೂ ನನ್ನ ಪದ್ಧತಿ.

"ಕಾಶಿನಾಥರು ವೆಲ್ಡಿಂಗ್ ಮಾಡಿದ್ದಾರಲ್ಲ, ಅದೇ ಇದನ್ನು ಹಾಳು ಮಾಡಿದ್ದು. ಎಲ್ಲ ಕಿತ್ತು ಹೊಸದಾಗಿ ಮಾಡ್ಬೇಕು."

ಅವರು ಸ್ವಲ್ಪ ಹೊತ್ತು ಗಾಡಿಯನ್ನೇ ನೋಡುತ್ತ ನಿಂತರು. ಆಮೇಲೆ ನಾನು ಕೇಳುವ ಮೊದಲೇ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಅವತ್ತು ಲೋಕಲಿನಲ್ಲಿ ನಿಂತುಕೊಂಡೇ ಬಂದರೂ ನನಗೆ ಕಾಲು ನೋಯಲಿಲ್ಲ.

ಇವತ್ತು ಬೆಳಿಗ್ಗೆ ಟ್ರೇಲರ್ ಮಾಡಿಕೊಂಡು ಹೋದೆ. ಅದರ ಡ್ರೈವರ್ ಯಲ್ಲಾಲಿಂಗ ಕಲಬುರಗಿ ಕಡೆಯವನು. ಕೆಟ್ಟು ನಿಂತ ಗಾಡಿಗಳನ್ನು ಹೊತ್ತುಕೊಂಡು ಮುಂಬಯಿ ಸುತ್ತುವುದೇ ಅವನ ಕಸುಬು. ಉಕ್ಕಿನ ಹಗ್ಗ ಕಟ್ಟಲು ಕಾರಿನ ಕೆಳಗೆ ನುಸುಳಿದವನು ಅಲ್ಲಿಂದಲೇ ಕೂಗಿದ.

"ಅಣ್ಣಾರ, ಈ ಕೆಲಸ ಯಾರು ಮಾಡ್ಯಾರ್ರಿ? ಬೆಸುಗಿ ಎಲ್ಲಿ ಅದ ಅಂತ ಗೊತ್ತೇ ಆಗವಲ್ದು..."

ವಿನೋದಿನಿಯಕ್ಕ ಮೆಟ್ಟಿಲಿಳಿದು ಬರುತ್ತಿದ್ದರು. "ಸುಮ್ಮನೆ ಹತ್ತಿಸು ಮಾರಾಯ" ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ಹಣ ಕೊಟ್ಟು ಆಗಿತ್ತು, ಕಾಗದಗಳಿಗೆ ಸಹಿಯೂ ಬಿದ್ದಿತ್ತು. ಆದರೂ ಹೆದರಿದೆ.

ಫಿಯಾಟ್ ಮೆಲ್ಲಗೆ ಟ್ರೇಲರ್ ಹತ್ತಿತು. ಮುಂದೆ ದೀಪಗಳ ಜಾಗದಲ್ಲಿ ಎರಡು ತೂತು. ಆಗ ನೆನಪಾಗಿ ಕೇಳಿದೆ. "ಅಕ್ಕ, ಮುಂದಿನ ಜಾಲರಿ, ದೀಪದ ಬಳೆ, ಒಳಗಿನ ಮೀಟರು, ಇದೆಲ್ಲ ಬೇರೆ ಕಡೆ ಇಟ್ಟಿದ್ದೀರಾ?"

"ಎರಡು ಟ್ರಂಕ್ ಇತ್ತು. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಚೀಟಿ ಅಂಟಿಸಿ ಇಟ್ಟಿದ್ರು. ನೀವು ಭಂಗಾರ ಅಂದ್ರಲ್ಲ, ನಿಮಗೆ ಅದೊಂದು ಹೊರೆ ಬೇರೆ ಯಾಕೆ ಅಂತ ಮೊನ್ನೆ ಭಂಗಾರದವನಿಗೆ ಕೊಟ್ಟುಬಿಟ್ಟೆ. ಅವತ್ತೇ ಧಾರಾವಿಗೆ ಹೋಯ್ತು, ಕರಗಿಸ್ಲಿಕ್ಕೆ."

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಅವರ ಮೇಲೆಯೇ ಸಿಟ್ಟು ಬಂತು. ಹತ್ತು ವರ್ಷ ಹುಡುಕಿದರೂ ಸಿಗದ ಸಾಮಾನು! ಅವರು ನನ್ನ ಮುಖ ನೋಡದೆ, ಖಾಲಿ ಶೆಡ್ಡಿನ ಕಡೆ ನೋಡುತ್ತಾ ಮಾತು ಮುಂದುವರಿಸಿದರು.

"ಹನ್ನೊಂದು ವರ್ಷ. ಒಂದು ಭಾನುವಾರ ಬಿಡ್ಲಿಲ್ಲ ಮಾರಾಯ್ರೆ. ಊಟಕ್ಕೆ ಕರೀಲಿಕ್ಕೆ ಬಂದ್ರೆ ಕಾಲು ಮಾತ್ರ ಹೊರಗೆ ಕಾಣ್ತಿತ್ತು. ಮೊದಮೊದಲು ಜಗಳ ಮಾಡಿದೆ. ಆಮೇಲೆ, ಕೈಯಲ್ಲಿ ಕಸುಬುಂಟು, ಮಾಡ್ಲಿ ಅಂತ ನಂಗೂ ಹೆಮ್ಮೆ ಆಯ್ತು. ಈಗ ಗೊತ್ತಾಯ್ತಲ್ಲ, ಅವರಿಗೆ ಕೆಲಸವೇ ಬರ್ತಿರಲಿಲ್ಲ ಅಂತ."

ಆಗಲೇ ಹೇಳಬೇಕಿತ್ತು. ಟ್ರೇಲರ್ ಗೇಟಿಗೆ ಅಡ್ಡ ನಿಂತಿದೆ ಎಂದು ವಾಚ್‌ಮನ್ ಕೂಗಾಡುತ್ತಿದ್ದ, ಹಿಂದಿನಿಂದ ಯಾರೋ ಹಾರ್ನ್ ಹೊಡೆಯುತ್ತಿದ್ದರು. ಅದೇ ಒಂದು ನೆಪವಾಯಿತು. ಹತ್ತಿ ಕೂತೆ.

ಹೈವೇಗೆ ಬಂದ ಮೇಲೆ ಯಲ್ಲಾಲಿಂಗ ಕೇಳಿದ. "ನನ್ನ ಬಾಯಿ ಯಾಕ ಮುಚ್ಚಿಸಿದ್ರಿ ಅಣ್ಣಾರ? ವಾರಕ್ಕ ಎರಡು ಹಳೀ ಗಾಡಿ ಹೊರ್ತೀನಿ. ಇಂಥಾ ಕೈ ನೋಡಿಲ್ಲ. ಈಗಿನ ಮಂದೀಗಿ ಬರೂದಿಲ್ರಿ ಇದು."

ಅದು ನನಗೂ ಮೊದಲ ದಿನವೇ ಗೊತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಒಂದು ಸಿಗ್ನಲ್ ಕಳೆದ ಮೇಲೆ ಅವನು ಕೇಳಿದ.

"ರೇಟ್ ಇಳಸಾಕ ಸತ್ತವರ ಕೈಗೆ ಹೆಸರಿಟ್ರೇನ್ರಿ?"

ಬೇರೆ ದಿನವಾಗಿದ್ದರೆ ನಿನ್ನ ಕೆಲಸ ನೀನು ನೋಡಿಕೋ ಎನ್ನುತ್ತಿದ್ದೆ. ಕನ್ನಡಿಯಲ್ಲಿ ಹಿಂದಿನ ಫಿಯಾಟ್ ಕಾಣುತ್ತಿತ್ತು, ನನಗೆ ನೋಡಲಾಗಲಿಲ್ಲ. ಗೋರೆಗಾಂವ್ ದಾಟುವಾಗ ಹೇಳಿದೆ, "ಮುಂದಿನ ಫ್ಲೈಓವರ್ ಕೆಳಗೆ ತಿರುಗಿಸು. ವಾಪಸ್ ಬೊರಿವಲಿಗೆ."

ಟ್ರೇಲರ್ ಕಂಡು ವಿನೋದಿನಿಯಕ್ಕ ಓಡೋಡಿ ಇಳಿದು ಬಂದರು. "ಎಂತಾಯ್ತು? ಬೇಡ ಅಂತ ವಾಪಸ್ ತಂದ್ರಾ?"

ಗೇಟಿನ ಹತ್ತಿರವೇ ನಿಂತು ಎಲ್ಲ ಹೇಳಿದೆ. ನಾನು ಹೇಳಿದ್ದು ಸುಳ್ಳು, ಬೆಲೆ ಇಳಿಸಲಿಕ್ಕೆ ಹೇಳಿದ್ದು. ಕಾಶಿನಾಥರ ಕೆಲಸ ಚಿನ್ನದಂಥದ್ದು. ನೀವು ಮೊದಲು ಹೇಳಿದ ಬೆಲೆಯನ್ನೇ ಪೂರ್ತಿ ಕೊಡುತ್ತೇನೆ. ಅವರು ಅರ್ಧದಲ್ಲಿ ತಡೆಯದೆ ಕೇಳಿಸಿಕೊಂಡರು, ಕೊನೆಗೆ ಸಣ್ಣಗೆ ನಕ್ಕರು.

"ನೀವು ಒಳ್ಳೆಯವರು ರಮಾನಾಥಣ್ಣ. ನಾನು ಅತ್ತೇನು ಅಂತ ಇಷ್ಟು ದೂರ ವಾಪಸ್ ಬಂದ್ರಿ."

"ಇಲ್ಲ ಅಕ್ಕ, ದೇವರಾಣೆ! ಬೇಕಾದ್ರೆ ಇವನನ್ನು ಕೇಳಿ."

"ಹೌದ್ರಿ ಅವ್ವಾರ, ಖರೇನ ಅದ" ಎಂದ ಯಲ್ಲಾಲಿಂಗ.

"ಅವರು ನಿಮ್ಮ ಜೊತೆ ಬಂದವರು. ನೀವು ಹೇಳಿದ ಹಾಗೆ ಹೇಳ್ತಾರೆ." ಅವರ ದನಿಯಲ್ಲಿ ಕೋಪವೇ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಸಮಾಧಾನಕ್ಕೆ ಹೇಳಿದ್ದನ್ನು ನಂಬುವ ವಯಸ್ಸು ದಾಟಿತು ನಂದು. ದುಡ್ಡೂ ಬೇಡ. ಒಂದೇ ಬೇಜಾರು, ನೀವು ಅವರು ಇದ್ದಾಗಲೇ ಬಂದು ಹೇಳಿದ್ರೆ ಆಗ್ತಿತ್ತು. ಭಾನುವಾರವಾದ್ರೂ ನನ್ನ ಜೊತೆ ಕೂತಿರ್ತಿದ್ರು."

ನಾನು ಏನೋ ಹೇಳಲು ಬಾಯಿ ತೆರೆದೆ. ಇಷ್ಟು ವರ್ಷ ನನ್ನನ್ನು ಸಾಕಿದ ಬಾಯಿ, ಅವತ್ತು ಅಷ್ಟು ಚೆನ್ನಾಗಿ ಕೆಲಸ ಮಾಡಿದ ಬಾಯಿ. ಈಗ ಅದರಿಂದ ಒಂದು ನಿಜ ಕೂಡ ಅವರ ಮನಸ್ಸಿಗೆ ದಾಟಲಿಲ್ಲ.

ಅವರು ಯಲ್ಲಾಲಿಂಗನ ಕಡೆ ತಿರುಗಿದರು. "ನಿಧಾನ ಹೋಗಿ. ಹಳೇ ಡಬ್ಬ ಅದು. ದಾರಿಯಲ್ಲಿ ಏನಾದ್ರೂ ಉದುರಿದ್ರೆ ಹೆಕ್ಕಲಿಕ್ಕೆ ಹೋಗ್ಬೇಡಿ."

ಬೊರಿವಲಿಯಿಂದ ಅಂಧೇರಿಯವರೆಗೆ ಮಳೆಗಾಲ ಬಿಟ್ಟುಹೋದ ಗುಂಡಿಗಳು ಒಂದೆರಡಲ್ಲ. ಟ್ರೇಲರ್ ಎದ್ದು ಬಿದ್ದು ಬಂತು. ಮನೆ ಮುಂದೆ ಇಳಿಸಿ, ಕೆಳಗೆ ಮಲಗಿ, ಕೈಯಾಡಿಸಿ ಕೈಯಾಡಿಸಿ ನೋಡಿದೆ. ಒಂದು ಸ್ಕ್ರೂ ಕೂಡ ಸಡಿಲವಾಗಿರಲಿಲ್ಲ.